ದೇಶವ್ರತವೂ ಮೊಬೈಲೂ

ಫಿನ್ಲೆಂಡಿನಲ್ಲಿ ಸುಮಾರು 55 ಲಕ್ಷ ಜನರಿಗೆ 33 ಲಕ್ಷ ಸೌನಾಗಳಿವೆ. ಕಾದ ಕಲ್ಲುಗಳ ಮೇಲೆ ನೀರೆರೆದು, ಎದ್ದ ಉಗಿಯಲ್ಲಿ ಮರದ ಹಲಗೆಯ ಮೇಲೆ ಕುಳಿತು ಬೆವರುವ ಬಿಸಿಮನೆಯೇ ಸೌನಾ. 2020ರಲ್ಲಿ ಯುನೆಸ್ಕೋ ಸಂಸ್ಥೆಯು ಈ ಪದ್ಧತಿಯನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಸೌನಾದೊಳಗೆ ಚರ್ಚಿನಲ್ಲಿರುವಂತೆ ನಡೆದುಕೊಳ್ಳಬೇಕೆಂಬುದು ಅಲ್ಲಿನ ಹಿರಿಯರ ಮಾತು. ಒಳಹೋಗುವವರು ಬಟ್ಟೆಯೊಡನೆ ಮೊಬೈಲನ್ನೂ ಹೊರಗಿಡುವುದು ವಾಡಿಕೆ.

ಅಗ್ನಿಕಾಯಿಕ, ಜಲಕಾಯಿಕ ಜೀವಗಳನ್ನು ನೆನೆಯುವ ಶ್ರಾವಕನಿಗೆ ಸೌನಾ ತಪಸ್ಸಲ್ಲ. ಅದು ದೇಹಸುಖವೇ ಸರಿ. ಆದರೆ ಅದರ ಬಾಗಿಲಲ್ಲಿ ನಡೆಯುವ ಈ ಸಣ್ಣ ತ್ಯಾಗವು ವಿಚಾರಯೋಗ್ಯವಾಗಿದೆ. ಹೊರಗಿಟ್ಟ ಮಾತ್ರಕ್ಕೆ ಅದು ತ್ಯಾಗವಾದೀತೇ?

ಒಬ್ಬನು ಮೊಬೈಲನ್ನು ಹೊರಗಿಡುವುದು ಅದು ಕೆಡಬಾರದೆಂದು. ಒಳಗಿನ ತಾಪ 80 ಡಿಗ್ರಿ ಸೆಲ್ಸಿಯಸಿನ ಆಸುಪಾಸು. ಅನೇಕ ತಯಾರಕರು ಬಳಕೆಗೆ ವಿಧಿಸುವ ಮಿತಿ 35 ಡಿಗ್ರಿ. ಇವನು ಮಾಡಿದ್ದು ಪರಿಗ್ರಹದ ರಕ್ಷಣೆ, ತ್ಯಾಗವಲ್ಲ. ಇನ್ನೊಬ್ಬನು ಒಳಗೆ ವಸ್ತ್ರವಿಲ್ಲದೆ ಕುಳಿತವರು ಛಾಯಾಚಿತ್ರದ ಭಯಕ್ಕೆ ಒಳಗಾಗಬಾರದೆಂದು ಹೊರಗಿಡುತ್ತಾನೆ. ಪರರ ಮನಸ್ಸನ್ನು ನೋಯಿಸದ ಈ ಎಚ್ಚರ ಅಹಿಂಸೆಯ ಅಂಗವೇ ಆಗಿದೆ. ಮೂರನೆಯವನು, ಇಷ್ಟು ಹೊತ್ತು ಈ ನಾಲ್ಕು ಗೋಡೆಗಳ ಆಚೆಯ ವ್ಯವಹಾರ ತನಗೆ ಬೇಡವೆಂದು ನಿಶ್ಚಯಿಸಿ ಹೊರಗಿಡುತ್ತಾನೆ. ಅರಿಯದೆಯೇ ಅವನು ದೇಶವ್ರತದ ಹೊಸ್ತಿಲಲ್ಲಿ ನಿಂತಿದ್ದಾನೆ.

ದಿಗ್ವ್ರತದಲ್ಲಿ ಜೀವನಪರ್ಯಂತ ಹಾಕಿಕೊಂಡ ಎಲ್ಲೆಯನ್ನು ನಿಯತಕಾಲದವರೆಗೆ ಒಂದು ಊರಿಗೆ, ಬೀದಿಗೆ, ಮನೆಗೆ ಕುಗ್ಗಿಸುವುದೇ ದೇಶವ್ರತ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇದಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ: ಎಲ್ಲೆಯ ಹೊರಗಿನಿಂದ ವಸ್ತುವನ್ನು ತರಿಸುವ ಆನಯನ, ಆಳನ್ನು ಹೊರಗೆ ಕಳಿಸಿ ಕಾರ್ಯ ಸಾಧಿಸುವ ಪ್ರೇಷ್ಯಪ್ರಯೋಗ, ಕೆಮ್ಮಿ ಕೂಗಿ ಹೊರಗಿನವರಿಗೆ ಸೂಚನೆ ಕೊಡುವ ಶಬ್ದಾನುಪಾತ, ತನ್ನ ರೂಪವನ್ನು ತೋರಿಸುವ ರೂಪಾನುಪಾತ, ಕಲ್ಲುಹರಳನ್ನೆಸೆದು ಗಮನ ಸೆಳೆಯುವ ಪುದ್ಗಲಕ್ಷೇಪ. ಕುಳಿತಲ್ಲಿಂದಲೇ ಸಾಮಾನು ತರಿಸುವುದು, ಕೆಲಸ ಹೇಳಿ ಕಳಿಸುವುದು, ಮಾತಾಡುವುದು, ಮುಖ ತೋರಿಸುವುದು, ಸಂದೇಶವನ್ನು ಎಸೆಯುವುದು, ಈ ಐದನ್ನೂ ಇಂದು ಒಂದು ಅಂಗೈಯಗಲದ ಯಂತ್ರವೇ ಮಾಡುತ್ತದೆ. ಕಾಲು ಎಲ್ಲೆ ದಾಟದಿದ್ದರೂ ವ್ರತಕ್ಕೆ ದೋಷ ತಗಲುವ ಬಗೆಯನ್ನು ಆಚಾರ್ಯರು ಅಂದೇ ಕಂಡಿದ್ದರು.

ಮನೆಯಲ್ಲಿ ರೋಗಿಯಿರುವಾಗ ಮೊಬೈಲನ್ನು ಬಿಡುವುದು ಕರ್ತವ್ಯಲೋಪವಲ್ಲವೇ ಎಂಬ ಆಕ್ಷೇಪ ನ್ಯಾಯವಾದುದೇ. ಆದುದರಿಂದಲೇ ಗೃಹಸ್ಥನ ವ್ರತಕ್ಕೆ ಕಾಲದ ಮಿತಿಯುಂಟು. ರೋಗಿಯನ್ನು ನೋಡಿಕೊಳ್ಳಲು ಒಬ್ಬರನ್ನು ಮೊದಲೇ ಗೊತ್ತುಮಾಡಿ, ಸಾಮಾಯಿಕದ ಒಂದು ಮುಹೂರ್ತ, ಅಂದರೆ 48 ನಿಮಿಷ, ಬಿಡಬಹುದು. ಅಷ್ಟೂ ಆಗದ ದಿನ ಸಂಕಲ್ಪ ಮಾಡದಿರುವುದೇ ಮೇಲು; ಮಾಡಿ ಮುರಿಯುವುದು ಸಲ್ಲದು.

ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನಲ್ಲಿರುವ ಮೂರ್ಛೆ. ಬಿಸಿಮನೆಯಲ್ಲಿ ಕುಳಿತು, ಹೊರಗಿಟ್ಟ ಮೊಬೈಲಿಗೆ ಯಾರ ಕರೆ ಬಂದಿರಬಹುದೆಂದು ಚಿಂತಿಸುವವನು ಅದನ್ನು ಇನ್ನೂ ಹೊತ್ತೇ ಇದ್ದಾನೆ. ಪರ್ವದಿನದಲ್ಲಿ ಅನ್ನವನ್ನು ಬಿಟ್ಟು ಮೊಬೈಲನ್ನು ಕೈಯಲ್ಲೇ ಹಿಡಿದ ಉಪವಾಸಿಯೂ ಇದನ್ನು ತನ್ನ ಮನಸ್ಸಿಗೆ ಕೇಳಿಕೊಳ್ಳಬೇಕು. ಹೊಟ್ಟೆ ಬರಿದಾದರೆ ಸಾಲದು; ಎಲ್ಲೆಯೊಳಗೆ ಮನಸ್ಸೂ ನಿಲ್ಲಬೇಕು.