ಯಾವೂರು, ಯಾವ ತಳಿ?

ಪುಣೆಯಲ್ಲಿ ಕನ್ನಡ ಕಿವಿಗೆ ಬಿದ್ದರೆ ಸಾಕು, ನಾವು ಮೊದಲು ಕೇಳುವುದು 'ಯಾವೂರು ನಿಮ್ದು?' ಎಂದು. ಹದಿನೆಂಟು ವರ್ಷದಿಂದ ನಾನೂ ಕೇಳುತ್ತಿದ್ದೇನೆ. ಕಳೆದ ಜೂನ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಹುಡುಗನೊಬ್ಬ ನನ್ನ ಹಳೆಯ ಫ್ಲ್ಯಾಟನ್ನು ಬಾಡಿಗೆಗೆ ಕೇಳಿಕೊಂಡು ಬಂದ. ಸಿಂಧನೂರಿನವನಂತೆ. 'ಅಲ್ಲಿ ಯಾರ ಪೈಕಿ?' ಎಂದು ನನ್ನ ಬಾಯಿ ತಾನಾಗಿಯೇ ಮುಂದುವರಿಯಿತು. ಹುಡುಗ ನೀರಿನ ಲೋಟ ಕೆಳಗಿಟ್ಟು, 'ಸಿಂಧನೂರಿನವನೇ ಸಾರ್' ಎಂದಷ್ಟೇ ಹೇಳಿದ. ಮತ್ತೆ ಫೋನ್ ಮಾಡಲಿಲ್ಲ.

ಕೆಲವು ವಾರಗಳ ನಂತರ ನಮ್ಮ ಪ್ರಾಜೆಕ್ಟಿನ ಫ್ರೆಂಚ್ ಸಹೋದ್ಯೋಗಿಯೊಬ್ಬರು ಒಂದು ಕೆಂಪು ವೈನ್ ತಂದುಕೊಟ್ಟರು. ಲೇಬಲ್ ಮೇಲೆ ತೋಟದ ಹೆಸರು, ಸೇಂಟ್ ಎಮಿಲಿಯೋನ್ ಎಂಬ ಊರಿನ ಹೆಸರು, ವರ್ಷ. ನಾಸಿಕದ ಬಾಟಲಿಗಳಲ್ಲಿ ಎದ್ದು ಕಾಣುವ ದ್ರಾಕ್ಷಿಯ ಹೆಸರು ಇಲ್ಲಿರಲಿಲ್ಲ. ಯಾವ ದ್ರಾಕ್ಷಿ ಎಂದೆ. 'ಹೆಚ್ಚಿನದು ಮೆರ್ಲೋ. ಊರು ಗೊತ್ತಾದ ಮೇಲೆ ಅದು ಯಾಕೆ ಬೇಕು?' ಎಂದು ನಕ್ಕರು. ನನಗೆ ನಗು ಬರಲಿಲ್ಲ.

ಆ ಊರು ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ, ದೋರ್ದೋನ್ ನದಿಯ ಬಲದಂಡೆಯ ಕಡೆಗಿದೆ. ಅಲ್ಲಿ ಜೇಡಿಮಣ್ಣು, ಸುಣ್ಣಕಲ್ಲು ಹೆಚ್ಚು. ಎಡದಂಡೆಯ ಮೆದೋಕ್‌ನ ಗರಸು ನೆಲ ಬೇಗ ಕಾಯುತ್ತದೆ. ತಡವಾಗಿ ಮಾಗುವ ಕ್ಯಾಬರ್ನೆ ಸೊವಿನ್ಯೋಗೆ ಅದು ಹೇಳಿಮಾಡಿಸಿದ್ದು. ಜೇಡಿಮಣ್ಣು ನೀರು ಹಿಡಿದಿಟ್ಟುಕೊಂಡು ತಂಪಾಗಿರುತ್ತದೆ. ಬೇಗ ಮಾಗುವ ಮೆರ್ಲೋ ಅಲ್ಲಿ ಗೆಲ್ಲುತ್ತದೆ. ಮೆರ್ಲೋ ಮೆದು, ಪ್ಲಮ್ ಹಣ್ಣಿನ ರುಚಿ. ಅದಕ್ಕೆ ಪರಿಮಳ, ಬಿಗಿ ಕೊಡಲು ಕ್ಯಾಬರ್ನೆ ಫ್ರಾಂಕ್ ಬೇಕು. ಬೇರೆ ಬೇರೆಯಾಗಿ ಹುಳಿಬರಿಸಿ, ರುಚಿ ನೋಡಿ, ಆಮೇಲೆ ಬೆರೆಸುತ್ತಾರೆ. ಆ ವರ್ಷದ ಮಳೆ ಬಿಸಿಲು ನೋಡಿಕೊಂಡು ಪ್ರಮಾಣವೂ ಬದಲಾಗುತ್ತದೆ. ಹಾಗಾದರೆ ಬಾಟಲಿಯಲ್ಲಿರುವ ಗುಣ ತಳಿಯದೋ, ಮಣ್ಣಿನದೋ, ಬೆರೆಸಿದ ಕೈಯದೋ?

ತಳಿಯೊಂದೇ ಉತ್ತರ ಎನ್ನುವವರು ಅದರ ವಂಶಾವಳಿಯನ್ನೂ ನೋಡಬೇಕು. ಮೆರ್ಲೋಗೆ ಒಂದು ಕಡೆಯಿಂದ ಹೆತ್ತವರು ಕ್ಯಾಬರ್ನೆ ಫ್ರಾಂಕ್. ಇನ್ನೊಂದು ಕಡೆ ಜನ ಹೆಸರೇ ಮರೆತಿದ್ದ ಒಂದು ದ್ರಾಕ್ಷಿ. ಡಿಎನ್‌ಎ ಪರೀಕ್ಷೆಯಿಂದ ಇದು ಖಚಿತವಾದದ್ದು 2009ರಲ್ಲಿ. ಅಷ್ಟೇ ಅಲ್ಲ, 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲೊಕ್ಸೆರಾ ಕೀಟ ಬಳ್ಳಿಗಳ ಬೇರನ್ನೇ ತಿಂದುಹಾಕಿದ ಮೇಲೆ, ಫ್ರಾನ್ಸಿನ ದ್ರಾಕ್ಷಿಯನ್ನು ಅಮೆರಿಕ ಮೂಲದ ಬೇರಿಗೆ ಕಸಿ ಕಟ್ಟಿ ಉಳಿಸಿಕೊಂಡರು. ಇವತ್ತಿಗೂ ಹೆಚ್ಚಿನ ತೋಟಗಳಲ್ಲಿ ನೆಲದೊಳಗಿರುವುದು ಹೊರಗಿನವರ ಬೇರು. ಶುದ್ಧ ಎನ್ನುವುದನ್ನು ಎಲ್ಲಿ ಹುಡುಕುವುದು?

ಹಾಗೆಂದು ಊರನ್ನು ಕೊಂಡಾಡಿ ಸುಮ್ಮನಾಗುವಂತೆಯೂ ಇಲ್ಲ. ಸೇಂಟ್ ಎಮಿಲಿಯೋನ್ 1955ರಿಂದ ತನ್ನ ತೋಟಗಳಿಗೆ ದರ್ಜೆ ಕೊಡುತ್ತಿದೆ. ಅದಕ್ಕಾಗಿ ಕೋರ್ಟು ಮೆಟ್ಟಿಲು ಹತ್ತಿದವರಿದ್ದಾರೆ. ನಮ್ಮ ಊರುಗಳಲ್ಲೂ ಕೇರಿಗಳಿವೆ. ಒಂದೇ ವ್ಯತ್ಯಾಸ: ಅಲ್ಲಿ ಸುಮಾರು ಹತ್ತು ವರ್ಷಕ್ಕೊಮ್ಮೆ ದರ್ಜೆಯನ್ನು ಮತ್ತೆ ಪರೀಕ್ಷಿಸುತ್ತಾರೆ. ವರ್ಷವರ್ಷ ಟೀಮಿನ ಅಪ್ರೈಸಲ್ ಬರೆಯುವ ನಾನು, ಹುಟ್ಟಿನ ಜೊತೆ ಬಂದ ದರ್ಜೆಗೆ ಮಾತ್ರ ಒಮ್ಮೆಯೂ ಮರುಪರೀಕ್ಷೆ ಇಟ್ಟಿರಲಿಲ್ಲ.

ತಳಿ ಕೇಳುವುದೇ ತಪ್ಪು ಎನ್ನಲಾರೆ. ತೋಟದವನು ಕೇಳುವುದು, ಯಾವ ಮಣ್ಣಿನಲ್ಲಿ ನೆಟ್ಟರೆ ಬಳ್ಳಿ ಚೆನ್ನಾಗಿ ಬಂದೀತು ಎಂದು ತಿಳಿಯಲು. ನಾನು ಕೇಳಿದ್ದು ಒಳಗೆ ಬಿಡಬೇಕೋ ಬೇಡವೋ ಎಂದು ತಿಳಿಯಲು. ಉತ್ತರ ಏನೇ ಬಂದಿದ್ದರೂ ಮನೆ ಕೊಡುತ್ತಿದ್ದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೇನೆ. ಕೊಡುವವನಿಗೆ ಆ ಪ್ರಶ್ನೆ ಯಾಕೆ ಬೇಕಿತ್ತು?

ಮೊನ್ನೆ ಧೈರ್ಯ ಮಾಡಿ ಹುಡುಗನಿಗೆ ಫೋನ್ ಮಾಡಿದೆ. 'ಹಿಂಜೆವಾಡಿಯಲ್ಲಿ ಪಿಜಿ ಸಿಕ್ತು ಸಾರ್' ಎಂದ. ತಪ್ಪಾಯ್ತು ಎನ್ನಬೇಕೆಂದಿದ್ದೆ, ಬಾಯಿಗೆ ಬಂದದ್ದು 'ಭಾನುವಾರ ಊಟಕ್ಕೆ ಬಾಪ್ಪಾ' ಎಂಬ ಮಾತು. ಒಂದು ಕ್ಷಣ ಸುಮ್ಮನಿದ್ದು, 'ನೋಡ್ತೀನಿ ಸಾರ್' ಎಂದ.