ಇಂದಿನ ಧಮ್ಮ ಚಿಂತನೆ: ಕಾಯುವುದಕ್ಕೂ ಒಂದು ಗಡುವಿರಲಿ



ಚನ್ನಪಟ್ಟಣದ ನನ್ನ ಹಳೆಯ ವಿದ್ಯಾರ್ಥಿನಿ ಮೊನ್ನೆ ತಾಯಿಯೊಂದಿಗೆ ಬಂದಿದ್ದಳು. ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿನ ಸೀಟು ಕೈಯಲ್ಲಿದೆ. ದಿನಾ ರೈಲಿನಲ್ಲಿ ಹೋಗಿಬರಬಹುದು. ಅವಳ ಮನಸ್ಸು ಮಾತ್ರ ಸುರತ್ಕಲ್‌ನ ಎನ್‌ಐಟಿಯಲ್ಲಿದೆ.

"ಒಂದು ವರ್ಷ ಕಾದು ಮತ್ತೆ ಪರೀಕ್ಷೆ ಬರೀತೀನಿ ಸರ್."

"ಅಷ್ಟು ದೂರ ಹೆಣ್ಣುಮಗೂನ ಹೆಂಗೆ ಕಳಿಸೋದು ಮೇಷ್ಟ್ರೇ?" ಎಂದರು ತಾಯಿ.

ಬಾಬಾಸಾಹೇಬರೂ ಹೀಗೆ ಕಾದವರೇ. 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದ್ದ ಅವರು, ಬರೋಡಾದ ವಿದ್ಯಾರ್ಥಿವೇತನದ ಅವಧಿ ಮುಗಿದದ್ದರಿಂದ 1917ರಲ್ಲಿ ಓದನ್ನು ಅರ್ಧಕ್ಕೇ ಬಿಟ್ಟು ಮರಳಿದರು. ಆದರೆ ನಾಲ್ಕು ವರ್ಷದೊಳಗೆ ಬಂದು ಮುಂದುವರಿಸಲು ಅನುಮತಿ ಪಡೆದೇ ಹೊರಟಿದ್ದರು. ಮುಂಬೈಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಪಾಠ ಮಾಡಿದರು, ಹಣ ಉಳಿಸಿದರು, ಸಾಲವನ್ನೂ ಮಾಡಿದರು. 1920ರಲ್ಲಿ ಮತ್ತೆ ಲಂಡನ್‌ಗೆ ಹೋಗಿ 1923ರಲ್ಲಿ ಡಿ.ಎಸ್ಸಿ. ಪಡೆದರು. ಅವರು ಕಾದ ಕಾಲಕ್ಕೆ ಗಡುವಿತ್ತು, ದಿನದಿನದ ದುಡಿಮೆಯಿತ್ತು.

ಧಮ್ಮದಲ್ಲಿ ತಣ್ಹಾ, ಛಂದ ಎಂಬ ಎರಡು ಪದಗಳಿವೆ. "ಅದು ಸಿಗದಿದ್ದರೆ ಬಾಳೇ ವ್ಯರ್ಥ" ಎಂದು ಒಳಗೊಳಗೇ ಸುಡುವುದು ತಣ್ಹಾ. "ಇದನ್ನು ಕಲಿಯಬೇಕು" ಎಂದು ಬೆಳಗ್ಗೆ ಎಬ್ಬಿಸಿ ಓದಿಗೆ ಕೂರಿಸುವುದು ಕುಶಲ ಛಂದ.

ಮಗಳನ್ನು ಕೇಳಿದೆ: "ನಿನಗೆ ಬೇಕಿರೋದು ವಿದ್ಯೆಯೋ, ಕಾಲೇಜಿನ ಹೆಸರೋ? ನಾಳೆ ಬೆಳಗ್ಗೆಯಿಂದ ಏನು ಓದ್ತೀಯ?" ತಾಯಿಯನ್ನೂ ಕೇಳಿದೆ: "ತಡೀತಿರೋದು ಮಗಳ ಹಿತವೋ, ನಮ್ಮ ಭಯವೋ?" ಇಬ್ಬರೂ ಸುಮ್ಮನಾದರು.

ಉತ್ತರ ಅವರದೇ. ಗಡುವೂ ದಿನಚರಿಯೂ ಇದ್ದರೆ ಅವಳು ಕಾಯಲಿ, ತಾಯಿ ಧೈರ್ಯ ತಂದುಕೊಳ್ಳಲಿ. ಇಲ್ಲದಿದ್ದರೆ ರಾಮನಗರದ ರೈಲು ಹತ್ತಲಿ. ಹತ್ತಿರದ ಕಾಲೇಜಿಗೆ ಹೋಗುವುದು ಸೋಲಲ್ಲ.

ಇಂದು ನಮ್ಮನ್ನು ನಾವೇ ಕೇಳಿಕೊಳ್ಳೋಣ: ನಾನು ಕಾಯುತ್ತಿದ್ದೇನೆಯೋ, ಬರೀ ಕೊರಗುತ್ತಿದ್ದೇನೆಯೋ?

ಭವತು ಸಬ್ಬ ಮಂಗಲಂ 🙏