ಗುರುಮಠವೆಂಬ ಸಸಿಮಡಿ

ನಮ್ಮ ರಾಯಿಕೋಡಿನ ಸುತ್ತಿನ ಹೊಲಗಳಲ್ಲಿ ಜೋಳವನ್ನಾಗಲಿ ತೊಗರಿಯನ್ನಾಗಲಿ ಯಾರೂ ಮಡಿಯಲ್ಲಿ ಬೆಳೆಸಿ ಆಮೇಲೆ ನೆಡುವುದಿಲ್ಲ. ಕೂರಿಗೆ ಹೂಡಿ ನೇರವಾಗಿ ನೆಲಕ್ಕೇ ಬಿತ್ತುತ್ತಾರೆ. ಮಳೆ, ಬಿಸಿಲು, ಕಳೆ, ಹಕ್ಕಿ ಇವೆಲ್ಲವನ್ನೂ ಆ ಕಾಳು ಮೊದಲ ದಿನದಿಂದಲೇ ತಾನೇ ಎದುರಿಸಿಕೊಳ್ಳಬೇಕು. ಮೆಣಸಿನಕಾಯಿ, ಬದನೆ, ಉಳ್ಳಾಗಡ್ಡಿಗಳ ಮಾತು ಬೇರೆ. ಅವುಗಳಿಗೆ ಮೊದಲು ಬಾವಿಯ ಸಮೀಪದಲ್ಲಿ ಮೆತ್ತನೆಯ ಮಡಿಯೊಂದು ಬೇಕು. ಹೊತ್ತುಹೊತ್ತಿಗೆ ನೀರು ಬೇಕು. ಸಸಿ ಗೇಣುದ್ದವಾದ ಬಳಿಕ ಅದನ್ನು ಕಿತ್ತು ಹೊಲದಲ್ಲಿ ನೆಡಬೇಕು. ಯಾವ ಬೆಳೆಗೆ ಯಾವ ಕ್ರಮವೆಂಬ ವಿಷಯದಲ್ಲಿ ರೈತನಿಗೆ ಸಂದೇಹವೆಂಬುದಿಲ್ಲ. ಮನುಷ್ಯನ ವಿಷಯದಲ್ಲಿ ಮಾತ್ರ ಈ ಸಂದೇಹ ಇಂದಿಗೂ ತೀರಿಲ್ಲ.

ಈ ಮಾತನ್ನೆತ್ತಲು ಕಾರಣವುಂಟು. ಕೆಥೋಲಿಕ ಧರ್ಮಸಭೆಯಲ್ಲಿ ಗುರುಗಳಾಗತಕ್ಕ ತರುಣರನ್ನು ಸಿದ್ಧಗೊಳಿಸುವ ಸಂಸ್ಥೆಯನ್ನು ಕನ್ನಡ ಕ್ರೈಸ್ತರು ‘ಗುರುಮಠ’ವೆಂದು ಕರೆಯುತ್ತಾರೆ. ನಮ್ಮ ನೆಲಕ್ಕೆ ಒಪ್ಪುವ, ಕಿವಿಗೆ ಹಿತವಾದ ಶಬ್ದ. ಆದರೆ ಅದರ ಹಿಂದಿರುವ ‘ಸೆಮಿನರಿ’ ಎಂಬ ಲ್ಯಾಟಿನ್ ಮೂಲದ ಶಬ್ದಕ್ಕೆ ಮಠವೆಂಬ ಅರ್ಥವೂ ಇಲ್ಲ, ಪಾಠಶಾಲೆಯೆಂಬ ಅರ್ಥವೂ ಇಲ್ಲ. ಅದರ ನೇರವಾದ ಅರ್ಥ ಸಸಿಮಡಿ. ಇಟಲಿಯ ಟ್ರೆಂಟ್ ನಗರದಲ್ಲಿ ಸೇರಿದ ಮಹಾಸಭೆಯು 1563ರ ಜುಲೈ 15ರಂದು, ಪ್ರತಿಯೊಂದು ಧರ್ಮಪ್ರಾಂತದಲ್ಲಿಯೂ ಇಂಥ ಮಡಿಯೊಂದಿರಬೇಕೆಂದು ನಿರ್ಣಯ ಮಾಡಿತು. ಅದಕ್ಕೆ ಮುಂಚೆ ಗುರುವಾಗುವವನ ಶಿಕ್ಷಣಕ್ಕೆ ಗೊತ್ತಾದ ಕ್ರಮವೇ ಇರಲಿಲ್ಲವೆನ್ನಬಹುದು. ಕೆಲವರು ವಿಶ್ವವಿದ್ಯಾಲಯಗಳಲ್ಲಿ ಓದಿದವರು. ಹಲವರು ಊರಿನ ಮುದಿ ಗುರುವಿನ ಹಿಂದೆ ತಿರುಗಿ ಪೂಜಾವಿಧಿಗಳನ್ನು ಕಂಠಪಾಠ ಮಾಡಿದವರು. ಎಳೆಯ ವಯಸ್ಸು ಸಂಸ್ಕಾರವಿಲ್ಲದಿದ್ದರೆ ಸುಖದ ಕಡೆಗೇ ವಾಲುತ್ತದೆಂದು ಆ ಸಭೆಯವರು ತಿಳಿದರು. ಹನ್ನೆರಡು ವರ್ಷ ತುಂಬಿದ, ಓದುಬರಹ ಬಲ್ಲ ಹುಡುಗರನ್ನು ಸೇರಿಸಿಕೊಳ್ಳಬೇಕು. ಬಡವರ ಮಕ್ಕಳಿಗೆ ಆದ್ಯತೆ ಕೊಡಬೇಕು. ಸಿರಿವಂತರ ಮಕ್ಕಳು ಬರುವುದಾದರೆ ತಮ್ಮ ಖರ್ಚನ್ನು ತಾವೇ ವಹಿಸಿಕೊಳ್ಳಬೇಕು ಎಂದು ವಿಧಿಸಿದರು.

ಆ ಮಡಿಯ ಬೀಜ ನಮ್ಮ ಸೀಮೆಗೂ ಬಂದಿತು. ಪುದುಚೇರಿಯಲ್ಲಿ 1778ರಲ್ಲಿ ಆರಂಭವಾದ ಗುರುಮಠವು 1934ರಲ್ಲಿ ಬೆಂಗಳೂರಿನ ಮಲ್ಲೇಶ್ವರಕ್ಕೆ ಬಂದು ಸಂತ ಪೇತ್ರರ ಗುರುಮಠವೆಂದು ಪ್ರಸಿದ್ಧವಾಯಿತು. ಮಂಗಳೂರಿನಲ್ಲಿ ಯೇಸುಸಭೆಯವರು 1879ರಲ್ಲಿ ತೆರೆದ ಸಂತ ಜೋಸೆಫರ ಗುರುಮಠ ಈಗ ಜೆಪ್ಪುವಿನಲ್ಲಿದೆ. ನಮಗೆ ಸಮೀಪದಲ್ಲಿ ಹೈದರಾಬಾದಿನ ರಾಮಂತಾಪುರದ ಸಂತ ಯೊವಾನ್ನರ ಗುರುಮಠವುಂಟು, ಅದು 1965ರದು. ನಮ್ಮ ಜಹೀರಾಬಾದು, ನಾರಾಯಣಖೇಡದ ಕಡೆ ಕ್ರೈಸ್ತರೆಂದೊಡನೆ ಜನಕ್ಕೆ ನೆನಪಾಗುವುದು 1924ರಲ್ಲಿ ಪ್ರತಿಷ್ಠೆಗೊಂಡ ಮೆದಕಿನ ಮಹಾದೇವಾಲಯವೂ ಬೀದರಿನ ಮೆಥೊಡಿಸ್ಟ್ ಮಿಷನ್ನೂ. ಅವೆರಡೂ ಕೆಥೋಲಿಕವಲ್ಲ. ಆದರೂ ಇಲ್ಲಿ ಎತ್ತುವ ಪ್ರಶ್ನೆ ಒಂದು ಮತಕ್ಕೆ ಮಾತ್ರ ಸೇರಿದುದಲ್ಲವಾದ್ದರಿಂದ, ಅನ್ಯಮತದವನಾದ ಶಿಕ್ಷಕನೂ ಇದರಲ್ಲಿ ಕೈಯಿಡಬಹುದೆಂದು ಭಾವಿಸಿದ್ದೇನೆ.

ಪ್ರಶ್ನೆ ಇಷ್ಟೆ: ಒಬ್ಬ ಮನುಷ್ಯನನ್ನು ರೂಪಿಸುವ ಅಧಿಕಾರ ಇನ್ನೊಬ್ಬ ಮನುಷ್ಯನಿಗೆ ಎಷ್ಟರಮಟ್ಟಿಗುಂಟು? ಓದು ಕಲಿಸುವುದು ಬೇರೆ. ಅವನು ಹೇಗೆ ಏಳಬೇಕು, ಹೇಗೆ ಮೌನವಾಗಿರಬೇಕು, ಏನನ್ನು ಆಸೆಪಡಬೇಕು, ಯಾವ ಆಸೆಯನ್ನು ಜೀವಮಾನವಿಡೀ ಬಿಡಬೇಕು ಎಂಬುದನ್ನೆಲ್ಲ ಮನೆಯಿಂದ ದೂರವಾದ ಒಂದು ಆವರಣದಲ್ಲಿ ವರ್ಷಗಟ್ಟಲೆ ತಿದ್ದುವುದು ಬೇರೆ.

ಇದನ್ನು ಪರದೇಶದ ಪದ್ಧತಿಯೆಂದು ತಳ್ಳಿಹಾಕುವವರಿಗೆ ಶಿವಯೋಗಮಂದಿರವನ್ನು ನೆನಪು ಮಾಡಿಕೊಡಬೇಕು. ಹಾನಗಲ್ಲ ಕುಮಾರಸ್ವಾಮಿಗಳು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭಾ ತೀರದಲ್ಲಿ ಅದನ್ನು ಸ್ಥಾಪಿಸಿದ್ದು ಏತಕ್ಕೆ? ಮಠಗಳಿಗೆ ವಿದ್ಯೆಯೂ ಆಚಾರವೂ ಉಳ್ಳ ಸ್ವಾಮಿಗಳು ಬೇಕೆಂದು. ಆನುವಂಶಿಕವಾಗಿ ಪೀಠವೇರಿದ ಮಾತ್ರಕ್ಕೆ ಯೋಗ್ಯತೆ ಬರುವುದಿಲ್ಲವೆಂದು. ವಟುಗಳನ್ನು ಅಲ್ಲಿಯೂ ಮನೆಯಿಂದ ಬಿಡಿಸಿ ತಂದೇ ಸಂಸ್ಕಾರ ಕೊಟ್ಟರು. ಟ್ರೆಂಟಿನ ಸಭೆಯವರ ಚಿಂತೆಗೂ ಕುಮಾರಸ್ವಾಮಿಗಳ ಚಿಂತೆಗೂ ಮೂರೂವರೆ ಶತಮಾನಗಳ ಅಂತರವಿದೆ, ಆದರೆ ಚಿಂತೆ ಒಂದೇ. ನೂರಾರು ಜನರ ದುಃಖಕ್ಕೆ ಕಿವಿಗೊಡಬೇಕಾದವನು ತನ್ನ ಮನಸ್ಸನ್ನು ತಾನು ಬಲ್ಲವನಾಗಿರಬೇಕು. ಆ ಬಲ್ಲತನ ಸಂತೆಯ ಗದ್ದಲದಲ್ಲಿ ಸುಲಭವಾಗಿ ಬರತಕ್ಕದ್ದಲ್ಲ. ಮಡಿಯ ಪಕ್ಷದಲ್ಲಿ ಹೇಳಬಹುದಾದ ಬಲವಾದ ಮಾತು ಇದು. ಇದನ್ನು ನಾನು ಒಪ್ಪುತ್ತೇನೆ.

ಒಪ್ಪಿದ ಮೇಲೂ ಒಂದು ಮುಳ್ಳು ಉಳಿಯುತ್ತದೆ. ಬಡವರ ಮಕ್ಕಳಿಗೆ ಆದ್ಯತೆಯೆಂಬ ವಿಧಿಯಲ್ಲಿಯೇ ಅದು ಇದೆ. ಆ ವಿಧಿ ಉದಾರವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ಎರಡೆಕರೆ ಒಣಭೂಮಿಯ ಮನೆಯ ಹುಡುಗನೊಬ್ಬನು ಹದಿನೈದನೆಯ ವಯಸ್ಸಿನಲ್ಲಿ ಗುರುಮಠಕ್ಕೆ ಹೋದನೆನ್ನಿ. ಅಲ್ಲಿ ಅವನಿಗೆ ಊಟ, ಬಟ್ಟೆ, ಪುಸ್ತಕ, ಕಾಲೇಜಿನ ಓದು ಎಲ್ಲವೂ ದೊರೆಯಿತು. ಇಪ್ಪತ್ತೆರಡನೆಯ ವಯಸ್ಸಿಗೆ, ಈ ದಾರಿ ತನ್ನದಲ್ಲವೆಂದು ಅವನ ಒಳಗಿನಿಂದ ಧ್ವನಿಯೊಂದು ಏಳುತ್ತದೆ. ಆಗ ಅವನು ಎಷ್ಟು ಸ್ವತಂತ್ರನು? ಯಾರೂ ಅವನನ್ನು ಕಟ್ಟಿಹಾಕಿಲ್ಲ, ಬಾಗಿಲು ತೆರೆದಿದೆ. ಆದರೆ ಆ ಬಾಗಿಲಿನ ಹೊರಗೆ ಕಾದಿರುವುದು ಅಪ್ಪನ ಸಾಲ, ಅವ್ವನ ಕಣ್ಣೀರು, ಊರಿನವರ ಪಿಸುಮಾತು. ಉಪಕಾರ ಪಡೆದವನಿಗೆ ಉಪಕಾರವೇ ಸಂಕೋಲೆಯಾಗುವುದುಂಟು. ಸಿರಿವಂತನ ಮಗನಿಗೆ ಅದೇ ಬಾಗಿಲು ಇಷ್ಟು ಭಾರವಾಗಿರುವುದಿಲ್ಲ.

ಧರ್ಮಸಭೆಯ ಕಾನೂನು ಈ ಮುಳ್ಳನ್ನು ಅರಿಯದೆ ಇಲ್ಲ. 1983ರ ಧರ್ಮಸಂಹಿತೆಯ 1026ನೆಯ ವಿಧಿಯು, ದೀಕ್ಷೆ ಪಡೆಯುವವನಿಗೆ ತಕ್ಕ ಸ್ವಾತಂತ್ರ್ಯವಿರಲೇಬೇಕು, ಯಾವ ರೀತಿಯಿಂದಲೂ ಯಾವ ಕಾರಣಕ್ಕೂ ಒಬ್ಬನನ್ನು ದೀಕ್ಷೆಗೆ ಬಲವಂತಪಡಿಸುವುದು ಸರ್ವಥಾ ನಿಷಿದ್ಧ ಎನ್ನುತ್ತದೆ. ಇಪ್ಪತ್ತೈದು ವರ್ಷ ತುಂಬದೆ ಗುರುದೀಕ್ಷೆಯಿಲ್ಲ. ಅದಕ್ಕಿಂತ ಮೊದಲಿನ ಸೇವಕದೀಕ್ಷೆಗೂ ಗುರುದೀಕ್ಷೆಗೂ ನಡುವೆ ಕಡಮೆಯೆಂದರೆ ಆರು ತಿಂಗಳು ಕಳೆಯಬೇಕು. 2016ರಲ್ಲಿ ರೋಮಿನಿಂದ ಹೊರಟ ಹೊಸ ಕ್ರಮವು ಆರಂಭದಲ್ಲಿಯೇ ಒಂದರಿಂದ ಎರಡು ವರ್ಷಗಳ ಪೂರ್ವಸಿದ್ಧತೆಯ ಅವಧಿಯೊಂದನ್ನಿಟ್ಟಿದೆ. ಆಮೇಲೆ ತತ್ತ್ವಶಾಸ್ತ್ರ, ಅದಾದ ಮೇಲೆ ನಾಲ್ಕು ವರ್ಷಗಳಿಗೆ ಕಡಮೆಯಿಲ್ಲದ ದೈವಶಾಸ್ತ್ರ. ಈ ದೀರ್ಘತೆಯನ್ನು ನೋಡಿ ನಗುವವರಿದ್ದಾರೆ. ಮನಸ್ಸು ಬದಲಾಯಿಸಲು ಕೊಟ್ಟ ಅವಕಾಶವೆಂದು ಅದನ್ನು ತಿಳಿದರೆ ನಗು ಬರುವುದಿಲ್ಲ.

ಆದರೆ ಆ ಕಾನೂನಿನಲ್ಲಿ ನನ್ನ ಮನಸ್ಸನ್ನು ಅತ್ಯಂತ ಸೆಳೆದುದು ಇನ್ನೊಂದು ಸಂಗತಿ. ಗುರುಮಠದಲ್ಲಿ ಅಧ್ಯಕ್ಷನೊಬ್ಬನಿರುತ್ತಾನೆ. ಹುಡುಗನ ನಡತೆಯನ್ನೂ ಓದನ್ನೂ ನೋಡಿ ಇವನು ಯೋಗ್ಯನೋ ಅಲ್ಲವೋ ಎಂದು ಧರ್ಮಾಧ್ಯಕ್ಷರಿಗೆ ತಿಳಿಸುವ ಹೊಣೆ ಅವನದು. ಅವನಲ್ಲದೆ ಆಧ್ಯಾತ್ಮಿಕ ಮಾರ್ಗದರ್ಶಿಯೆಂಬ ಬೇರೊಬ್ಬ ಹಿರಿಯನಿರುತ್ತಾನೆ. ಪಾಪನಿವೇದನೆಯನ್ನು ಕೇಳುವ ಗುರುಗಳೂ ಇರುತ್ತಾರೆ. ಹುಡುಗನು ತನ್ನ ಅಂತರಂಗವನ್ನು ತೋಡಿಕೊಳ್ಳುವುದು ಇವರೆದುರಿಗೆ. ಹುಡುಗನನ್ನು ದೀಕ್ಷೆಗೆ ಸೇರಿಸಬೇಕೋ ಹೊರಗೆ ಕಳುಹಿಸಬೇಕೋ ಎಂದು ನಿರ್ಧರಿಸುವಾಗ ಈ ಎರಡನೆಯ ವರ್ಗದವರ ಅಭಿಪ್ರಾಯವನ್ನು ಎಂದಿಗೂ ಕೇಳಕೂಡದೆಂದು 240ನೆಯ ವಿಧಿ ಹೇಳುತ್ತದೆ. ಅರ್ಥಾತ್, ನಿನ್ನ ಗುಟ್ಟನ್ನು ಬಲ್ಲವನು ನಿನ್ನ ನ್ಯಾಯಾಧೀಶನಲ್ಲ. ನಿನ್ನ ನ್ಯಾಯಾಧೀಶನು ನಿನ್ನ ಗುಟ್ಟನ್ನು ಕೇಳತಕ್ಕವನಲ್ಲ.

ಶಿಕ್ಷಕ ಬಂಧುಗಳು ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮ ಶಾಲೆಗಳಲ್ಲಿ ಅಂಕ ಕೊಡುವವನೂ ನಾವೇ, ಶಿಕ್ಷಿಸುವವನೂ ನಾವೇ, ‘ನಿನ್ನ ಕಷ್ಟವೇನಿದ್ದರೂ ನನಗೆ ಹೇಳು’ ಎನ್ನುವವನೂ ನಾವೇ. ಹುಡುಗನು ನಂಬಿ ಹೇಳಿದ ಮಾತು ಮಧ್ಯಾಹ್ನದ ಚಹದ ಹೊತ್ತಿಗೆ ಶಿಕ್ಷಕರ ಕೋಣೆಯಲ್ಲಿ ಎಲ್ಲರ ಬಾಯಲ್ಲಿರುತ್ತದೆ. ನಾನೂ ಈ ತಪ್ಪನ್ನು ಮಾಡಿಲ್ಲವೆಂದು ಹೇಳಲಾರೆ. ಆಮೇಲೆ ಹುಡುಗರು ಮನಸ್ಸು ಬಿಚ್ಚುವುದಿಲ್ಲವೆಂದು ದೂರುತ್ತೇವೆ. ಹೃದಯವನ್ನು ತಿದ್ದುವ ಹಕ್ಕನ್ನು ಯಾರಾದರೂ ಬಯಸುವುದಾದರೆ, ಆ ಹೃದಯದ ಮೇಲೆ ತೀರ್ಪು ಕೊಡುವ ಹಕ್ಕನ್ನು ಬಿಟ್ಟುಕೊಡಬೇಕಾಗುತ್ತದೆ. ಎರಡನ್ನೂ ಒಂದೇ ಕೈಯಲ್ಲಿ ಹಿಡಿದರೆ ಹುಡುಗನು ನಟನೆಯನ್ನು ಕಲಿಯುತ್ತಾನೆ. ನಟಿಸಲು ಕಲಿತ ಹುಡುಗ ಶಾಲೆಯಿಂದ ಹೊರಬಿದ್ದರೆ ಒಂದು ಮನೆಗೆ ನಷ್ಟ, ಗುರುಮಠದಿಂದ ಹೊರಬಿದ್ದರೆ ಒಂದು ಊರಿಗೇ ನಷ್ಟ.

ಇದಕ್ಕೆ ಆಕ್ಷೇಪವಿದೆ. ಅಯೋಗ್ಯನೆಂದು ಮಾರ್ಗದರ್ಶಿಗೆ ತಿಳಿದೂ ಅವನು ಸುಮ್ಮನಿದ್ದರೆ ಜನರ ಗತಿಯೇನು? ಹುಡುಗನು ತಾನಾಗಿಯೇ ಹಿಂದೆಗೆಯುವಂತೆ ಅವನ ಅಂತಃಕರಣಕ್ಕೆ ಒತ್ತಿ ಹೇಳುವ ಅಧಿಕಾರ ಮಾರ್ಗದರ್ಶಿಗೆ ಉಂಟು, ಅದು ಅವನ ಕರ್ತವ್ಯವೂ ಹೌದು. ಆದರೂ ಕೆಲವು ಸಲ ಅಯೋಗ್ಯನು ನುಸುಳಿಯಾನು. ಈ ಬೆಲೆಯನ್ನು ಮುಚ್ಚಿಡಬಾರದು. 2002ರಲ್ಲಿ ಅಮೇರಿಕದ ಬೋಸ್ಟನ್ನಿನಲ್ಲಿ ಗುರುಗಳಿಂದ ಮಕ್ಕಳ ಮೇಲೆ ನಡೆದ ಅತ್ಯಾಚಾರಗಳು ಬಯಲಾದಾಗ ಜಗತ್ತೇ ಬೆಚ್ಚಿತು. ಆದರೆ ಅಲ್ಲಿ ಹೊರಬಿದ್ದ ಕಾಗದಪತ್ರಗಳು ತೋರಿಸಿದ್ದೇನು? ಮೇಲಧಿಕಾರಿಗಳಿಗೆ ದೂರುಗಳು ತಲುಪಿದ್ದವು, ತಲುಪಿದ ಮೇಲೂ ಅವರು ಆ ಗುರುಗಳನ್ನು ಒಂದು ಕೇಂದ್ರದಿಂದ ಇನ್ನೊಂದಕ್ಕೆ ವರ್ಗಮಾಡುತ್ತ ಬಂದರು. ಪಾಪನಿವೇದನೆಯ ಮೌನ ಅಲ್ಲಿಯ ದೋಷವಲ್ಲ. ತೀರ್ಪು ಕೊಡಬೇಕಾದವರು ತೀರ್ಪು ಕೊಡದೆ ಸಂಸ್ಥೆಯ ಮಾನವನ್ನು ಕಾದರು. ಜಗದ್ಗುರು ಎರಡನೆಯ ಜಾನ್ ಪೌಲರು 1992ರಲ್ಲಿಯೇ ಗುರುಶಿಕ್ಷಣಕ್ಕೆ ಮಾನವೀಯ ಸಂಸ್ಕಾರವೇ ಅಡಿಪಾಯವೆಂದು ಬರೆದಿದ್ದರು. ಬರೆದುದು ನಡೆಯಲ್ಲಿ ಬರಲು ಎಷ್ಟು ಕಾಲ ಬೇಕಾಯಿತೆಂಬುದನ್ನು ನೆನೆದರೆ ಮನಸ್ಸು ಕಹಿಯಾಗುತ್ತದೆ.

ಮಡಿಯಿಂದ ಮರಳಿದವನ ವಿಷಯವನ್ನೂ ಹೇಳಬೇಕು. 1965ರ ಅಕ್ಟೋಬರ್ 28ರಂದು ಎರಡನೆಯ ವ್ಯಾಟಿಕನ್ ಮಹಾಸಭೆಯು ಗುರುಶಿಕ್ಷಣವನ್ನು ಕುರಿತು ಹೊರಡಿಸಿದ ಶಾಸನದಲ್ಲಿ, ಕಿರಿಯ ಗುರುಮಠದ ಹುಡುಗರಿಗೆ ಮನೆಯವರ ಸಂಪರ್ಕ ತಪ್ಪಬಾರದು, ಬೇರೆ ಜೀವನವನ್ನು ಆರಿಸಿಕೊಂಡವನು ತನ್ನ ಓದನ್ನು ತೊಡಕಿಲ್ಲದೆ ಬೇರೆಡೆ ಮುಂದುವರಿಸುವಂತೆ ಪಾಠಕ್ರಮವಿರಬೇಕು ಎಂದಿದೆ. ಚಿಕ್ಕ ವಾಕ್ಯ, ಆದರೆ ಬಡ ಹುಡುಗನ ಬಾಗಿಲಿನ ಭಾರವನ್ನು ನಿಜವಾಗಿ ಇಳಿಸುವುದು ಇಂಥ ವಾಕ್ಯವೇ. ಹೊರಗಿನ ಜನವೂ ತಮ್ಮ ಪಾಲಿನದನ್ನು ಮಾಡಬೇಡವೆ? ‘ಮಠ ಬಿಟ್ಟು ಬಂದವ’ ಎಂದು ಹಳ್ಳಿಯವರು ನಗುವಾಗ, ಒಲ್ಲದ ದೀಕ್ಷೆಗೆ ಇನ್ನೊಬ್ಬ ಹುಡುಗನನ್ನು ದೂಡುತ್ತಿದ್ದೇವೆಂಬ ಅರಿವು ಅವರಿಗಿರುವುದಿಲ್ಲ.

ಕೊನೆಯದಾಗಿ ನುಡಿಯ ಮಾತು. ಗಡಿನಾಡಿನ ನಮಗೆ ಇದು ಸಣ್ಣದಲ್ಲ. ಜಹೀರಾಬಾದು, ನಾರಾಯಣಖೇಡಗಳು 1956ರವರೆಗೆ ಬೀದರ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ಗೆರೆ ಸರಿದರೂ ಮನೆಮಾತು ಸರಿಯಲಿಲ್ಲ. ಆದರೆ ಅದರೊಳಗೆ ತೆಲುಗು, ಉರ್ದು, ಮರಾಠಿಗಳೆಲ್ಲ ಬಂದು ಕುಳಿತಿವೆ. ಇಂಥ ಮನೆಯ ಹುಡುಗನು ನಾಡಿನ ನಾಲ್ಕು ದಿಕ್ಕಿನವರು ಸೇರುವ ಗುರುಮಠಕ್ಕೆ ಹೋದರೆ, ಎಲ್ಲರಿಗೂ ಸಾಮಾನ್ಯವಾದುದು ಇಂಗ್ಲಿಷು. ತತ್ತ್ವಶಾಸ್ತ್ರವನ್ನು ಅವನು ಅದರಲ್ಲಿ ಓದುತ್ತಾನೆ, ಉಪದೇಶವನ್ನು ಅದರಲ್ಲಿ ಯೋಚಿಸುತ್ತಾನೆ. ಕ್ರಮೇಣ ಪ್ರಾರ್ಥನೆಯೂ ಅದರಲ್ಲಿಯೇ ಹುಟ್ಟುತ್ತದೆ. 249ನೆಯ ವಿಧಿಯಾದರೋ ಮೊದಲು ತಾಯ್ನುಡಿಯನ್ನು ಚೆನ್ನಾಗಿ ಕಲಿಸಬೇಕೆಂದು ಹೇಳಿ, ಲ್ಯಾಟಿನ್ನನ್ನೂ ಪರಭಾಷೆಗಳನ್ನೂ ಆಮೇಲೆ ಹೆಸರಿಸುತ್ತದೆ. 1963ರಲ್ಲಿ ಪೂಜೆಗೆ ಜನರ ನುಡಿಯನ್ನು ಬಳಸಲು ಮಹಾಸಭೆ ಅನುಮತಿ ಕೊಟ್ಟ ಮೇಲಂತೂ ಆ ವಿಧಿಗೆ ಹೊಸ ಜೀವ ಬರಬೇಕಾಗಿತ್ತು. ನಿಜಾಮರ ಆಳಿಕೆಯಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಕಥೆ ನಮ್ಮ ಸೀಮೆಯ ಮಕ್ಕಳಿಗೂ ಗೊತ್ತು. ಈಗ ಫಲಕವನ್ನು ಯಾರೂ ಹೇರುವುದಿಲ್ಲ. ಆದುದರಿಂದ ಒಳಗೆ ಏನು ಕಲಿಸುತ್ತೇವೆಂಬ ಹೊಣೆ ಪೂರ್ತಿಯಾಗಿ ನಮ್ಮದು.

ಯಾವುದೋ ಹಳ್ಳಿಯಲ್ಲಿ ಮುದುಕಿಯೊಬ್ಬಳು ಹೊಸ ಗುರುವಿನ ಮುಂದೆ ಕುಳಿತು ‘ಜೀವಕ್ಕ ಚೈನಿಲ್ಲರೀ’ ಎನ್ನುತ್ತಾಳೆಂದು ಎಣಿಸಿಕೊಳ್ಳಿ. ಅವಳ ರೋಗವೇ, ಪಾಪಭೀತಿಯೇ, ಸೊಸೆಯ ಮಾತೇ, ಬರಲಿರುವ ಸಾವೇ, ಆ ಒಂದು ವಾಕ್ಯದಲ್ಲಿ ಯಾವುದಿದೆ? ಕಿವಿ ಪಳಗಿದವನಿಗೆ ಅವಳ ದನಿಯ ಏರಿಳಿತದಲ್ಲಿಯೇ ತಿಳಿಯುತ್ತದೆ; ಪಳಗದವನು ಔಷಧದ ಹೆಸರು ಕೇಳುತ್ತಾನೆ. ಇದಕ್ಕೆ ಪಠ್ಯಪುಸ್ತಕವಿಲ್ಲ. ತತ್ತ್ವಶಾಸ್ತ್ರ ಮುಗಿದು ದೈವಶಾಸ್ತ್ರ ತೊಡಗುವ ನಡುವೆ ಹುಡುಗರನ್ನು ಒಂದು ವರ್ಷ ಹೊರಗಿನ ಸೇವೆಗೆ ಕಳುಹಿಸುವ ವಾಡಿಕೆ ಈಗಲೂ ಉಂಟು. ಆ ವರ್ಷವನ್ನು ಪಟ್ಟಣದ ಶಾಲೆಯ ಕಚೇರಿಯಲ್ಲಿ ಲೆಕ್ಕ ಬರೆಯುವುದರಲ್ಲಿ ಕಳೆಯಿಸದೆ ಇಂಥ ಹಳ್ಳಿಯೊಂದರಲ್ಲಿ ಇರಿಸಬಹುದು. ಅಲ್ಲಿ ಅವನು ಯಾರಿಗೂ ಉಪದೇಶ ಮಾಡುವುದು ಬೇಡ. ಸಂಜೆ ಕಟ್ಟೆಯ ಮೇಲೆ ಕುಳಿತು ಮುದುಕಮುದುಕಿಯರ ಮಾತು ಕೇಳಿದರೆ ಸಾಕು. ತಿಳಿಯದ ಶಬ್ದ ಬಂದರೆ ಬರೆದುಕೊಂಡು, ಮರುದಿನ ಊರಿನ ಕನ್ನಡ ಮೇಷ್ಟರನ್ನು ಕೇಳಲಿ. ಮೇಷ್ಟರಿಗೂ ಎಲ್ಲ ಶಬ್ದಗಳು ತಿಳಿದಿರುವುದಿಲ್ಲ. ಆಗ ಇಬ್ಬರೂ ಕೂಡಿ ಮುದುಕಿಯ ಮನೆಗೇ ಹೋಗಬೇಕಾಗುತ್ತದೆ.